ಘಟ್ಟದ ಮೇಲೆ ಕೂಲರ್, ಘಟ್ಟದ ಕೆಳಗೆ ಫ್ಯಾನ್

ಫೀನಿಕ್ಸ್, ಅರಿಜೋನಾ
ಅಕ್ಟೋಬರ್ 12

ಪ್ರೀತಿಯ ಅಣ್ಣನಿಗೆ,

ಆಯಿಗೆ, ಅಪ್ಪಯ್ಯನಿಗೆ ನನ್ನ ನಮಸ್ಕಾರ ಹೇಳು. ನಾವೆಲ್ಲ ಇಲ್ಲಿ ಆರಾಮ. ಮೊನ್ನೆ ಫೋನಿನಲ್ಲಿ ನೀನು ಮಳಿಗೆಗೆ ಕೂಲರ್ ಕೊಳ್ಳುವ ವಿಷಯ ಎತ್ತಿದೆ, ಅಷ್ಟರಲ್ಲಿ ಸಿಗ್ನಲ್ ಹೋಯಿತು. ಅರ್ಧ ಮಾತು ಕೇಳಿಕೊಂಡು ನೀನು ಮುಂಗಡ ಕೊಟ್ಟುಬಿಡಬಾರದಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಅತ್ತಿಗೆಗೂ ಓದಿ ಹೇಳು. ಬೆಂಕಿ ಮುಂದೆ ಕೂರುವವಳು ಅವಳು. ಹೋದ ಬೇಸಿಗೆಯಲ್ಲಿ ಕಾರವಾರದ ಕಡಲತೀರದ ಮಳಿಗೆಯಲ್ಲಿ ತೊಡದೇವು, ಅದೇ ಬಿಸಿ ಮಡಕೆಯ ಮೇಲೆ ಮಾಡುವ ತೆಳು ಸಿಹಿ, ಮಾಡುತ್ತಿದ್ದಾಗ ಅವಳಿಗೆ ತಲೆ ಸುತ್ತಿತು ಅಂತ ಆಯಿ ಹೇಳಿದ್ದಳು. ಆವತ್ತಿನಿಂದ ಇದೇ ಯೋಚನೆ ನನಗೆ.

ಮೊದಲೇ ಹೇಳಿಬಿಡುತ್ತೇನೆ. ಘಟ್ಟದ ಮೇಲೆ ಶಿರಸಿ ಕಡೆಯ ಸಂತೆಗೆ, ಜಾತ್ರೆಗೆ ಕೂಲರ್ ಉಪಯೋಗಕ್ಕೆ ಬರುತ್ತದೆ, ಅದೂ ಬೇಸಿಗೆಯ ಮಧ್ಯಾಹ್ನದ ಕೆಲವು ತಾಸು. ದೇವಿಮನೆ ಘಟ್ಟ ಇಳಿದ ಮೇಲೆ ಅದನ್ನು ಗಾಡಿಯಲ್ಲಿ ಹೊತ್ತೊಯ್ಯುವುದೇ ಬೇಡ. ಕುಮಟಾ, ಅಂಕೋಲಾ, ಕಾರವಾರ, ಗೋಕರ್ಣ ಎಲ್ಲ ಕಡೆಗೂ ಒಳ್ಳೆಯ ಫ್ಯಾನು, ಒಳ್ಳೆಯ ನೆರಳು ಸಾಕು. ಇದನ್ನು ಅಂದಾಜಿಗೆ ಹೇಳುತ್ತಿಲ್ಲ. ಒಂದೇ ಯಂತ್ರ ಒಂದು ತಿಂಗಳು ಚೆನ್ನಾಗಿ ನಡೆದು, ಮುಂದಿನ ತಿಂಗಳು ಏನೂ ಮಾಡದೆ ನಿಂತಿದ್ದನ್ನು ಇಲ್ಲಿ ಕಣ್ಣಾರೆ ನೋಡಿದ್ದೇನೆ.

ಶನಿವಾರ ಬೆಳಿಗ್ಗೆ ನಾನು ಗೆಳತಿಯ ಉಪ್ಪಿನಕಾಯಿ ಅಂಗಡಿಯಲ್ಲಿ ಕೂರುವುದು ನಿನಗೆ ಗೊತ್ತಲ್ಲ. ಅಂಗಡಿ ಅಂದರೆ ಬಯಲಲ್ಲಿ ನಾಲ್ಕು ಕಾಲಿನ ಬಟ್ಟೆ ಚಪ್ಪರ, ಅದರ ಕೆಳಗೊಂದು ಮೇಜು. ಊರು ಮರುಭೂಮಿಯದು. 2023ರಲ್ಲಿ ಜೂನ್ 30ರಿಂದ ಜುಲೈ 30ರವರೆಗೆ ಸತತ 31 ದಿನ ಇಲ್ಲಿ 43 ಡಿಗ್ರಿ ದಾಟಿತ್ತು. ಅಂಥ ದಿನ ಬರೀ ಫ್ಯಾನ್ ಹಾಕಿದರೆ ಒಲೆಯ ಬಾಯಿಗೆ ಮುಖ ಕೊಟ್ಟ ಹಾಗೆ. ಗಾಳಿ 40 ಡಿಗ್ರಿ ದಾಟಿದ ಮೇಲೆ ಫ್ಯಾನ್ ಮೈಯನ್ನು ಇನ್ನೂ ಬಿಸಿ ಮಾಡುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಎಚ್ಚರಿಸುತ್ತದೆ. ಹಾಗಾಗಿ ಇಲ್ಲಿ ಬಯಲಿನ ಅಂಗಡಿಯವರಿಗೆ ಕೂಲರ್ ಬೇಕೇ ಬೇಕು. ಸೊಂಟದೆತ್ತರದ ಪ್ಲಾಸ್ಟಿಕ್ ಪೆಟ್ಟಿಗೆ, ಕೆಳಗೆ ಚಕ್ರ, ಒಳಗೆ ನೀರಿನ ತೊಟ್ಟಿ, ಹಿಂದೆ ಒದ್ದೆ ಪ್ಯಾಡ್, ಮುಂದೆ ಫ್ಯಾನ್. ಜೂನ್ ತಿಂಗಳಲ್ಲಿ ಅದರ ಮುಂದೆ ನಿಂತರೆ ಜೀವ ಬಂದ ಹಾಗಾಗುತ್ತದೆ.

ಜುಲೈನಲ್ಲಿ ಇಲ್ಲಿಯೂ ಮೋಡ ಬರುತ್ತದೆ. ನಮ್ಮಲ್ಲಿ ಆಷಾಢದ ಒಂದು ಜೋರು ದಿನ ಬೀಳುವಷ್ಟು ಮಳೆಯೂ ಇಡೀ ಮಳೆಗಾಲಕ್ಕೆ ಬೀಳುವುದಿಲ್ಲ. ಆದರೆ ಗಾಳಿಯಲ್ಲಿ ತೇವ ಏರುತ್ತದೆ. ಆಗ ಅದೇ ಕೂಲರ್, ಅದೇ ನೀರು, ಅದೇ ಚಪ್ಪರ, ತಂಪು ಮಾತ್ರ ಇಲ್ಲ. ಮೈಯೆಲ್ಲ ಅಂಟಂಟು. ಉಪ್ಪಿನಕಾಯಿ ಬಾಟಲಿಗೆ ಅಂಟಿಸಿದ ಚೀಟಿಯ ಅಂಚು ಸುರುಳಿ ಸುತ್ತಿಕೊಳ್ಳುತ್ತದೆ. ಅದನ್ನು ನೋಡುವಾಗೆಲ್ಲ ನನಗೆ ಅಂಕೋಲೆಯ ಮೇ ತಿಂಗಳೇ ನೆನಪಾಗುತ್ತದೆ.

ಕಾರಣ ಸರಳ. ಕೂಲರ್ ತಾನಾಗಿ ತಂಪು ಹುಟ್ಟಿಸುವುದಿಲ್ಲ. ಪ್ಯಾಡಿನ ನೀರು ಆವಿಯಾಗುವಾಗ ಗಾಳಿಯ ಬಿಸಿಯನ್ನು ಹೀರಿಕೊಳ್ಳುತ್ತದೆ, ಅಷ್ಟೇ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಬಿಸಿ ಬೇಕು. ಒಣ ಗಾಳಿ ನೀರನ್ನು ಬೇಗ ಕುಡಿಯುತ್ತದೆ. ಆಗಲೇ ತುಂಬಿರುವ ಗಾಳಿ ಕುಡಿಯುವುದಿಲ್ಲ. ಆಯಿ ಹಲಸಿನ ಹಪ್ಪಳ ಅಂಗಳಕ್ಕೆ ಹಾಕುವ ಮೊದಲು ಗಾಳಿ ನೋಡುತ್ತಾಳಲ್ಲ, ಅವಳು ನೋಡುವುದೂ ಇದನ್ನೇ. ಹಪ್ಪಳ ಗರಿಗರಿಯಾಗಿ ಒಣಗುವ ದಿನ ಕೂಲರ್ ನಡೆಯುತ್ತದೆ. ಒಣಗದ ದಿನ ನಡೆಯುವುದಿಲ್ಲ.

ದುಡ್ಡು ಹಾಕುವ ಮೊದಲು ನೀನೇ ಒಂದು ಪರೀಕ್ಷೆ ಮಾಡು. ಗೋಡೆಗೆ ತೂಗುಹಾಕುವ ಗಾಜಿನ ಥರ್ಮಾಮೀಟರ್ ಎರಡು ತಗೋ. ಜ್ವರ ನೋಡುವಂಥದ್ದು ಬೇಡ. ಒಂದನ್ನು ಹಾಗೇ ನೆರಳಲ್ಲಿಡು. ಇನ್ನೊಂದರ ಕೆಳಗಿನ ಬುಡ್ಡೆಗೆ ತೆಳುವಾದ ಹತ್ತಿ ಬಟ್ಟೆ ಸುತ್ತಿ, ಒದ್ದೆ ಮಾಡಿ, ಫ್ಯಾನ್ ಗಾಳಿಗೆ ಹಿಡಿ. ಐದು ನಿಮಿಷ ಬಿಟ್ಟು ಎರಡನ್ನೂ ಓದು. ಒದ್ದೆ ಥರ್ಮಾಮೀಟರ್ ಎಲ್ಲಿಗೆ ನಿಲ್ಲುತ್ತದೋ ಅದಕ್ಕಿಂತ ಕೆಳಗೆ ಯಾವ ಕೂಲರೂ ಗಾಳಿಯನ್ನು ಇಳಿಸಲಾರದು, ಎಷ್ಟೇ ದೊಡ್ಡದಿರಲಿ. ಒಳ್ಳೆಯ ಪ್ಯಾಡ್ ಇದ್ದರೆ ಎರಡರ ನಡುವಿನ ಅಂತರದಲ್ಲಿ ಮುಕ್ಕಾಲು ಭಾಗ ಇಳಿಸಬಹುದು.

ಲೆಕ್ಕ ಹಾಕಿ ತೋರಿಸುತ್ತೇನೆ. ಇಲ್ಲಿ 40 ಡಿಗ್ರಿ ಬಿಸಿ, ತೇವಾಂಶ ನೂರಕ್ಕೆ 15 ಇದ್ದಾಗ ಒದ್ದೆ ಥರ್ಮಾಮೀಟರ್ 21ರ ಹತ್ತಿರ ನಿಲ್ಲುತ್ತದೆ. ಕೂಲರಿನಿಂದ ಬರುವ ಗಾಳಿ 25, 26 ಡಿಗ್ರಿ. ಹದಿನಾಲ್ಕು ಡಿಗ್ರಿ ಇಳಿಯಿತು! ಶಿರಸಿಯಲ್ಲಿ ಒಣ ಹವೆಯ ದಿನ 33 ಡಿಗ್ರಿ, ತೇವಾಂಶ 40ರ ಆಸುಪಾಸು ಅಂತಿಟ್ಟುಕೋ. ಒದ್ದೆಯದು 23ರ ಹತ್ತಿರ ನಿಲ್ಲುತ್ತದೆ. ಏಳು ಡಿಗ್ರಿ ಇಳಿಯಬಹುದು. ಬೆಂಕಿ ಪಕ್ಕ ಕೂತವಳಿಗೆ ಅದು ಸಣ್ಣ ಮಾತಲ್ಲ. ಇನ್ನು ಕರಾವಳಿಯ ಸೆಕೆಯಲ್ಲಿ 34 ಡಿಗ್ರಿ, ತೇವಾಂಶ 70. ಒದ್ದೆಯದು 29ರಲ್ಲೇ ನಿಂತುಬಿಡುತ್ತದೆ. ಮೂರೂವರೆ, ನಾಲ್ಕು ಡಿಗ್ರಿ ಇಳಿಯಿತು ಅನ್ನು. ಆದರೆ ಬರುವ ಗಾಳಿ ಪೂರಾ ತೇವ. ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಾದರೂ ಹೇಗೆ?

ಹಾಗಾಗಿ ಕಾರವಾರದಲ್ಲಿ ಗಾಳಿಗೆ ನೀರು ಸೇರಿಸಬೇಡ, ಗಾಳಿಯನ್ನು ಓಡಿಸು. ಅಲ್ಲಿ ಬಿಸಿಲು ಎಷ್ಟೇ ಇದ್ದರೂ ಇಲ್ಲಿಯ ಹಾಗೆ 40 ದಾಟುವ ದಿನ ತೀರಾ ಅಪರೂಪ. ಆದ್ದರಿಂದ ಫ್ಯಾನ್ ಗಾಳಿ ಬೆವರನ್ನು ಆರಿಸುತ್ತದೆ, ಮೈ ತಂಪಾಗುತ್ತದೆ. ಹಗಲು ಹೊತ್ತೇರಿದ ಮೇಲೆ ಸಮುದ್ರದ ಗಾಳಿ ಪಡುವಣದಿಂದ ಬರುತ್ತದೆ. ಮಳಿಗೆ ಕೊಡುವವರ ಹತ್ತಿರ ಮೊದಲೇ ಕೇಳಿ, ಆ ಗಾಳಿಗೆ ಅಡ್ಡ ಇಲ್ಲದ ಜಾಗ ಹಿಡಿ. ಕಷ್ಟ ಏನೆಂದರೆ ಸಂಜೆಯ ಬಿಸಿಲೂ ಅದೇ ದಿಕ್ಕಿನದು. ಅದಕ್ಕೆ ಪಡುವಣಕ್ಕೆ ತಾಡಪತ್ರಿ ಕಟ್ಟಿ ಮುಚ್ಚಬೇಡ. ಅಡಿಕೆ ಸಸಿಗೆ ಕಟ್ಟುವ ಶೇಡ್ ನೆಟ್ ಇದೆಯಲ್ಲ, ಅದನ್ನು ಮೇಲಿನ ಅರ್ಧಕ್ಕೆ ಕಟ್ಟು, ಕೆಳಗಿನ ಅರ್ಧ ಬಿಡು. ಸೂರ್ಯ ಮುಳುಗಿದ ಮೇಲೆ ಸಮುದ್ರದ ಗಾಳಿ ನಿಂತು, ನೆಲದ ಗಾಳಿ ಇನ್ನೂ ಶುರುವಾಗದ ಹೊತ್ತು ಒಂದಿರುತ್ತದೆ. ಎಲೆಯೂ ಅಲುಗುವುದಿಲ್ಲ. ಕಡಲತೀರದ ಮಯೂರವರ್ಮ ವೇದಿಕೆಯ ಮುಂದೆ ಜನ ಸೇರುವುದೂ ಆವಾಗಲೇ, ತೊಡದೇವಿಗೆ ಸಾಲು ನಿಲ್ಲುವುದೂ ಆವಾಗಲೇ. ಫ್ಯಾನ್ ಅತೀ ಬೇಕಾಗುವುದು ಆ ಹೊತ್ತಿಗೆ.

ಕರೆಂಟಿನ ಲೆಕ್ಕವೂ ಫ್ಯಾನ್ ಕಡೆಗೇ ಇದೆ. ದೊಡ್ಡ ಕೂಲರ್ ಸುಮಾರು 200 ವಾಟ್ ತಿನ್ನುತ್ತದೆ. ಈಗ ಬರುವ, ಕಡಿಮೆ ಕರೆಂಟು ತಿನ್ನುವ ಬಿಎಲ್‌ಡಿಸಿ ಮೋಟರಿನ ಕಂಬದ ಫ್ಯಾನಿಗೆ 35 ವಾಟ್ ಸಾಕು. ಮನೆಯ 100 ಆಂಪಿಯರ್-ಅವರ್ ಬ್ಯಾಟರಿಯನ್ನು ಅರ್ಧದವರೆಗೆ ಖರ್ಚು ಮಾಡಿದರೆ ಕೂಲರ್ ಎರಡೂವರೆ ತಾಸು ನಡೆಯಬಹುದು. ಅದರಲ್ಲೇ ಫ್ಯಾನ್ ಮಧ್ಯಾಹ್ನದಿಂದ ರಾತ್ರಿ ಮಳಿಗೆ ಮುಚ್ಚುವವರೆಗೂ ತಿರುಗುತ್ತದೆ. ಜನರೇಟರ್ ಸದ್ದು, ಹೊಗೆ ಯಾವುದೂ ಬೇಡ.

ಕಾರವಾರದ ಬೈತಖೋಲ್ ಬಂದರಿನ ಕಡೆ ಮೀನಿಗೆ ಹಾಕುವ ಐಸ್ ಸಿಗುತ್ತದೆ, ಅದನ್ನು ಕೂಲರಿಗೆ ಹಾಕಿದರೆ ಹೇಗೆ ಅಂತ ನೀನು ಕೇಳಿದ್ದೆ. ಇಲ್ಲಿಯೂ ಎಷ್ಟೋ ಜನ ಹಾಕುತ್ತಾರೆ. ಒಂದು ಕಿಲೋ ಐಸ್ ಕರಗುವಾಗ ಹೀರುವುದು 334 ಕಿಲೋಜೂಲ್. ಅಷ್ಟೇ ನೀರು ಆವಿಯಾದರೆ ಏಳು ಪಟ್ಟು ಜಾಸ್ತಿ. ತೊಟ್ಟಿಗೆ ಐಸ್ ಸುರಿಯುವುದು ದುಡ್ಡು ಸುರಿದಂತೆಯೇ. ಐಸನ್ನು ಒಂದು ಬಕೆಟ್ಟಿನಲ್ಲಿಟ್ಟು, ಅದರ ನೀರಲ್ಲಿ ಟವೆಲ್ ಅದ್ದಿ ಹಿಂಡಿ ಅತ್ತಿಗೆಯ ಕುತ್ತಿಗೆಗೆ ಹಾಕು. ಮುಂಗೈಗೂ ಒತ್ತಲಿ. ಅದು ನಿಜವಾಗಿ ತಣಿಸುತ್ತದೆ.

ಈಗ ಘಟ್ಟದ ಮೇಲಿನದು. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವುದು ಫೆಬ್ರವರಿ, ಮಾರ್ಚ್ ಹೊತ್ತಿಗೆ. ಜಾತ್ರೆ ನಡೆಯುವ ಬಿಡ್ಕಿಬೈಲಿನಲ್ಲಿ ರಾತ್ರಿ ತಂಪೇ ಇರುತ್ತದೆ. ಹನ್ನೊಂದರಿಂದ ನಾಲ್ಕರವರೆಗೆ ಮಾತ್ರ ತಗಡಿನ ಕೆಳಗೆ ಕೂರಲಾಗುವುದಿಲ್ಲ. ಅಷ್ಟು ಹೊತ್ತಿಗಾಗಿ ಹೊಸದನ್ನು ಕೊಳ್ಳುವ ಬದಲು ಜಾತ್ರೆಯ ದಿನಗಳಿಗೆ ಬಾಡಿಗೆಗೆ ತಗೋ ಅನ್ನುವುದು ನನ್ನ ಅಭಿಪ್ರಾಯ. ತಂದರೆ ಇಡುವ ರೀತಿ ಮುಖ್ಯ. ಮಳಿಗೆಯನ್ನೆಲ್ಲ ತಂಪು ಮಾಡುತ್ತದೆ ಅಂತ ಸುತ್ತಲೂ ಬಟ್ಟೆ ಕಟ್ಟಬೇಡ, ಒಳಗಿನ ಗಾಳಿ ತೇವ ತುಂಬಿಕೊಂಡು ಕೂಲರ್ ಕೈಕೊಡುತ್ತದೆ. ಪ್ಯಾಡಿನ ಬೆನ್ನು ಹೊರಗಿನ ಒಣ ಗಾಳಿಗೆ ಇರಬೇಕು, ಬಾಯಿ ಕೂತವರ ಮೈಗೆ. ಆರೆಂಟು ಅಡಿ ದೂರ ಸಾಕು, ಅದರಾಚೆ ತಂಪು ನಿಲ್ಲುವುದಿಲ್ಲ. ನೆರಳಲ್ಲಿಡು, ಬಿಸಿಲಲ್ಲಿ ತೊಟ್ಟಿಯ ನೀರೇ ಕಾಯುತ್ತದೆ. ತಾಸಿಗೆ ಹತ್ತು ಲೀಟರಾದರೂ ನೀರು ಹೋದೀತು, ಜಾತ್ರೆಯ ಜನದ ನಡುವೆ ಅದನ್ನು ಹೊರುವವರು ಯಾರು ಅಂತ ಮೊದಲೇ ಯೋಚಿಸು.

ಅತ್ತಿಗೆಯ ಒಲೆಯದು ಬೇರೆಯೇ ಸಮಸ್ಯೆ. ಬೋರಲು ಹಾಕಿದ ಮಡಕೆಯ ಕೆಳಗೆ ಬೆಂಕಿ ಸಮನಾಗಿ ಉರಿಯಬೇಕು. ಎದುರಿನಿಂದ ಗಾಳಿ ಬೀಸಿದರೆ ಉರಿ ಒಂದೇ ಕಡೆ ವಾಲುತ್ತದೆ, ತೊಡದೇವು ಒಂದು ಕಡೆ ಸೀಯುತ್ತದೆ, ಇನ್ನೊಂದು ಕಡೆ ಏಳುವುದೇ ಇಲ್ಲ. ಆದ್ದರಿಂದ ಗಾಳಿ ಅವಳ ಬೆನ್ನಿಗೆ ಓರೆಯಾಗಿ ಬರಲಿ, ಒಲೆಗೆ ತಾಗದಿರಲಿ. ಫ್ಯಾನಿಗೂ ಇದೇ ಮಾತು. ಬೆಂಕಿಯ ಝಳ ನೇರವಾಗಿ ಮೈಗೆ ಬಡಿಯುತ್ತದೆ, ಅದನ್ನು ಯಾವ ತಂಪು ಗಾಳಿಯೂ ತಡೆಯುವುದಿಲ್ಲ. ಒಲೆಗೂ ಅವಳ ಕಾಲಿಗೂ ನಡುವೆ ಒಂದು ತಗಡಿನ ಹಲಗೆ ನಿಲ್ಲಿಸು. ಖರ್ಚು ಕಡಿಮೆ, ಉಪಕಾರ ಜಾಸ್ತಿ. ಮಾಡಿಟ್ಟ ತೊಡದೇವನ್ನು ಕೂಲರಿನ ದಾರಿಯಲ್ಲಿ ಇಡಲೇಬೇಡ. ಕಾಗದದಷ್ಟು ತೆಳು ಅದು, ತೇವ ತಾಗಿದರೆ ನಿಮಿಷದಲ್ಲಿ ಮೆತ್ತಗಾಗುತ್ತದೆ. ಹಪ್ಪಳ, ಕಷಾಯದ ಪುಡಿ ಕೂಡ ಡಬ್ಬಿಯಲ್ಲೇ ಇರಲಿ. ಅಪ್ಪೆಮಿಡಿಯ ಭರಣಿಗೆ, ಜೋನಿಬೆಲ್ಲಕ್ಕೆ ಮುಚ್ಚಳ ಬಿಗಿಯಾಗಿದ್ದರೆ ತೊಂದರೆ ಇಲ್ಲ.

ಎರಡು ವಿಷಯದಲ್ಲಿ ಮಾತ್ರ ಅಸಡ್ಡೆ ಬೇಡ, ಅಣ್ಣ. ಒಂದು, ತೊಟ್ಟಿಯ ನೀರು. ಡೆಂಗಿ ಹರಡುವ ಸೊಳ್ಳೆಗೆ ನಿಂತ ಸ್ವಚ್ಛ ನೀರೇ ಬೇಕು, ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. 2024ರಲ್ಲಿ ನಮ್ಮ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿದ್ದು ನೆನಪಿದೆಯಲ್ಲ. ಕೆಲಸ ಮುಗಿದ ರಾತ್ರಿ ನೀರು ಚೆಲ್ಲಿ, ಉಜ್ಜಿ, ಒಣಗಿಸಿಡಬೇಕು. ಬಾಡಿಗೆಗೆ ತಂದದ್ದಾದರೆ ಮೊದಲು ನೀನೇ ತೊಳೆದು ನೀರು ತುಂಬು. ಇನ್ನೊಂದು, ಕರೆಂಟು. ಒದ್ದೆ ನೆಲ, ಬರಿಗಾಲು, ಜನ ತುಳಿಯುವ ವೈರು. ಜಾತ್ರೆಯಲ್ಲಿ ಈ ಮೂರೂ ಇರುತ್ತವೆ. ಮೂರು ಪಿನ್ನಿನ ಪ್ಲಗ್, ಸರಿಯಾದ ಅರ್ತಿಂಗ್, ಸೋರಿಕೆಯಾದರೆ ತಟ್ಟನೆ ಕರೆಂಟು ಕಡಿಯುವ ಸ್ವಿಚ್ ಇಲ್ಲದೆ ಏನನ್ನೂ ಹಚ್ಚಬೇಡ. ಎಕ್ಸ್‌ಟೆನ್ಷನ್ ಬೋರ್ಡನ್ನು ಕಂಬಕ್ಕೆ ಎತ್ತರದಲ್ಲಿ ಕಟ್ಟು. ನೀರು ತುಂಬುವಾಗ ಪ್ಲಗ್ ಕಿತ್ತಿಡು. ಪುಟ್ಟಿ ಮಳಿಗೆಯಲ್ಲೇ ಓಡಾಡಿಕೊಂಡಿರುತ್ತಾಳೆ, ಅವಳ ಕೈಗೆ ಏನೂ ಸಿಗಬಾರದು.

ಅತ್ತಿಗೆಗೆ ನನ್ನದೊಂದು ಕೇಳಿಕೆ. ಬಾಯಾರುವವರೆಗೆ ಕಾಯಬೇಡ. ಉಪ್ಪು ಹಾಕಿದ ಮಜ್ಜಿಗೆ, ಮುರುಗಲ (ಕೋಕಂ) ಶರಬತ್ತು ಪಕ್ಕದಲ್ಲೇ ಇರಲಿ. ತಾಸಿಗೊಮ್ಮೆ ಒಲೆ ಬಿಟ್ಟು ಏಳು, ಸಾಲಿನಲ್ಲಿ ನಿಂತವರು ಹತ್ತು ನಿಮಿಷ ಕಾಯುತ್ತಾರೆ. ತಲೆಸುತ್ತು, ವಾಕರಿಕೆ ಬಂದರೆ ಆವತ್ತಿನ ಕೆಲಸ ಅಲ್ಲಿಗೇ ನಿಲ್ಲಿಸು. ಬೆವರು ನಿಂತರೆ, ಮಾತು ತೊದಲಿದರೆ ಮೈಗೆ ನೀರು ಹಾಕುತ್ತಾ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಇದನ್ನು ಅಣ್ಣ ಸರಿಯಾಗಿ ಕೇಳಿಸಿಕೊಳ್ಳಲಿ.

ಎರಡು ಕಂಬದ ಫ್ಯಾನಿಗೆ, ಶೇಡ್ ನೆಟ್ಟಿಗೆ ದುಡ್ಡು ನಾನು ಹಾಕುತ್ತೇನೆ. ಬೇಡ ಅನ್ನಬೇಡ. ಥರ್ಮಾಮೀಟರಿನ ಪರೀಕ್ಷೆಯನ್ನು ಮೊದಲು ನಮ್ಮ ಅಂಗಳದಲ್ಲಿ ಮಾಡು, ಮುಂದಿನ ಸಲ ಕಾರವಾರಕ್ಕೆ ಇಳಿದಾಗ ಅಲ್ಲಿಯೂ ಮಾಡು. ನಡು ಮಧ್ಯಾಹ್ನ ಮಾಡಬೇಕು. ಎರಡೂ ಕಡೆಯ ಅಂಕಿ ನನಗೆ ಕಳಿಸು. ಬಾಡಿಗೆ ಕೂಲರ್ ಯಾವ ಅಳತೆಯದು ಬೇಕು ಅಂತ ಅದನ್ನು ನೋಡಿ ಹೇಳುತ್ತೇನೆ.

ಈ ಸಲ ಕೊಳೆರೋಗ ತೋಟದಲ್ಲಿ ಎಷ್ಟು ಹಾಳು ಮಾಡಿತು? ಅಪ್ಪಯ್ಯ ಫೋನಿನಲ್ಲಿ ಏನೂ ಹೇಳುವುದಿಲ್ಲ, ನೀನಾದರೂ ಬರಿ.

ನಿನ್ನ ತಂಗಿ