ಒತ್ತಕ್ಷರವಿಲ್ಲದ ಕನ್ನಡ ನಮ್ಮಲ್ಲಿಲ್ಲ: ಜಾಲತಾಣ ವಿನ್ಯಾಸದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕ ನಿರ್ದೇಶಕರು,
ಜಾಲತಾಣ ವಿನ್ಯಾಸ ಸಂಸ್ಥೆ,
ಅಂಧೇರಿ ಪೂರ್ವ, ಮುಂಬಯಿ

ವಿಷಯ: ವಿದ್ಯಾರ್ಥಿಗಳ ಛಾಯಾಚಿತ್ರ ಮತ್ತು ಕಥನ ಪತ್ರಿಕೆಯ ಜಾಲತಾಣವನ್ನು ದೋಷಪೂರಿತವಾಗಿ ಒಪ್ಪಿಸಿರುವ ಕುರಿತು.

ಮಾನ್ಯರೇ,

ಈ ಪತ್ರವನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ನೀವು ನಮಗೆ ಕಳಿಸಿದ ಪ್ರಸ್ತಾವನೆಯ ಮೊದಲ ಪುಟದಲ್ಲಿ ‘ಎಲ್ಲ ಭಾರತೀಯ ಭಾಷೆಗಳಲ್ಲೂ ಪರಿಣತಿ’ ಎಂದು ದಪ್ಪಕ್ಷರದಲ್ಲಿ ಮುದ್ರಿಸಿದ್ದಿರಾದ್ದರಿಂದ, ಇದನ್ನು ಓದಬಲ್ಲವರೊಬ್ಬರು ನಿಮ್ಮ ಕಚೇರಿಯಲ್ಲಿ ಇದ್ದೇ ಇರುತ್ತಾರೆಂದು ನಂಬಿದ್ದೇನೆ. ಹನ್ನೊಂದು ದೂರವಾಣಿ ಕರೆಗಳಿಗೂ ನಾಲ್ಕು ಇಮೇಲುಗಳಿಗೂ ‘ನೋಡುತ್ತೇವೆ’ ಎಂಬ ಒಂದೇ ಉತ್ತರ ಬಂದ ಮೇಲೆ ಇನ್ನು ಬಾಯಿಮಾತಿನಲ್ಲಿ ಪ್ರಯೋಜನವಿಲ್ಲವೆಂದು ತೋರಿತು.

ಮಾಟುಂಗದ ನಮ್ಮ ಜೂನಿಯರ್ ಕಾಲೇಜಿನ ಕನ್ನಡ ವಿದ್ಯಾರ್ಥಿಗಳ ಪತ್ರಿಕೆಗೆ ಜಾಲತಾಣ ಮಾಡಿಕೊಡಲು ನೀವು ಒಪ್ಪಿದ ಮೊತ್ತ ₹1,40,000. ಅದರಲ್ಲಿ ₹98,000 ನಿಮ್ಮ ಖಾತೆಗೆ ಸಂದಿದೆ. ಒಪ್ಪಂದದ ಏಳನೆಯ ಮತ್ತು ಹನ್ನೆರಡನೆಯ ಕಲಮುಗಳನ್ನು ಬರೆದವರು ನೀವೇ ಆದ್ದರಿಂದ ಅವನ್ನು ಇಲ್ಲಿ ಮತ್ತೆ ಉದ್ಧರಿಸುವುದಿಲ್ಲ.

ನಾವು ಕೇಳಿದ್ದು ದೊಡ್ಡ ಮಾಯಾಬಜಾರನ್ನೇನೂ ಅಲ್ಲ. ಚಿತ್ರ ತೆರೆಯ ಮೇಲೆ ನಿಂತಿರಬೇಕು, ಓದುಗ ಬೆರಳು ಸರಿಸಿದಂತೆ ಕಥೆ ಅದರ ಪಕ್ಕದಲ್ಲಿ ಸಾಗಬೇಕು, ಚಿತ್ರದ ಗೊತ್ತಾದ ಜಾಗವನ್ನು ಮುಟ್ಟಿದರೆ ವಿದ್ಯಾರ್ಥಿ ಧ್ವನಿಮುದ್ರಿಸಿಕೊಂಡ ಸದ್ದು ಕೇಳಬೇಕು. 1875ರಲ್ಲಿ ಕಟ್ಟಿದ ಸಸೂನ್ ಡಾಕಿನಲ್ಲಿ ನಸುಕಿಗೇ ನಡೆಯುವ ಮೀನಿನ ಹರಾಜಿನ ಕೂಗನ್ನು ಇದಕ್ಕಾಗಿಯೇ ಒಬ್ಬ ಹುಡುಗ ಮೂರು ಬೆಳಗು ನಿದ್ದೆಗೆಟ್ಟು ಸಂಗ್ರಹಿಸಿದ್ದ. ಕೂಗು ಈಗ ಕೇಳಿಸುತ್ತದೆ, ಆದರೆ ಮುಟ್ಟಬೇಕಾದ ಜಾಗ ಮೊಬೈಲಿನಲ್ಲಿ ತೆರೆಯಿಂದಾಚೆ ಹೋಗಿರುವುದರಿಂದ ಅದನ್ನು ಹುಡುಕಿ ಕೇಳುವುದು ಓದುಗನ ಪುಣ್ಯವನ್ನು ಅವಲಂಬಿಸಿದೆ. ತಲೆಯ ಮೇಲೆ ಬುಟ್ಟಿ ಹೊತ್ತ ಮೀನುಗಾರ್ತಿಯನ್ನು ಅವನು ಬುಟ್ಟಿ ಕಾಣಲೆಂದೇ ಉದ್ದುದ್ದವಾಗಿ ಸೆರೆಹಿಡಿದಿದ್ದರೆ, ಎಲ್ಲ ಚಿತ್ರಗಳನ್ನೂ ಚೌಕಾಕಾರಕ್ಕೆ ಕತ್ತರಿಸುವ ನಿಮ್ಮ ವಿನ್ಯಾಸ ಬುಟ್ಟಿಯ ಜೊತೆಗೆ ಆಕೆಯ ಹಣೆಯನ್ನೂ ನುಂಗಿದೆ.

ಇವೆಲ್ಲವನ್ನೂ ಸಹಿಸಿಕೊಂಡಿದ್ದೆವು. ಸಹಿಸಲಾಗದೆ ಹೋದದ್ದು ಅಕ್ಷರಗಳ ವಿಷಯ. ಪ್ರತಿ ಕಥೆಯ ಶೀರ್ಷಿಕೆಯೂ ಬೆರಳಚ್ಚಿನ ಯಂತ್ರದಲ್ಲಿ ಮೂಡಿದಂತೆ ಒಂದೊಂದೇ ಅಕ್ಷರವಾಗಿ ಕಾಣಿಸಿಕೊಳ್ಳುವ ಏರ್ಪಾಡನ್ನು ನಾವು ಕೇಳದಿದ್ದರೂ ನೀವೇ ಸೇರಿಸಿದಿರಿ. ನಿಮ್ಮ ಪ್ರೋಗ್ರಾಮು ಪದವನ್ನು ಇಂಗ್ಲಿಷಿನ ಲೆಕ್ಕದಲ್ಲಿ ಬಿಡಿಬಿಡಿಯಾಗಿ ಕತ್ತರಿಸುತ್ತದೆ. ‘ಪ್ಪ’ ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರವಾದರೂ ಕಂಪ್ಯೂಟರು ಅಕ್ಷರಗಳನ್ನು ಗುರುತಿಸುವ ಸಂಕೇತ ವ್ಯವಸ್ಥೆಯಾದ ಯೂನಿಕೋಡಿನಲ್ಲಿ ಪ, ಹಲಂತ, ಪ ಎಂಬ ಮೂರು ಸಂಕೇತಗಳ ಸರಣಿ. ಅವನ್ನು ಬೇರೆ ಮಾಡಿದರೆ ಒತ್ತು ಕಳಚಿ ಬೀಳುತ್ತದೆ, ಸ್ವರಚಿಹ್ನೆಗಳು ವ್ಯಂಜನದ ಆಸರೆ ತಪ್ಪಿ, ಅದರ ಜಾಗದಲ್ಲಿ ಮೂಡುವ ಚುಕ್ಕಿಗಳ ಬಳೆಗೆ ಜೋತುಬೀಳುತ್ತವೆ.

ಇದನ್ನು ಎದುರಿಗೇ ತೋರಿಸೋಣವೆಂದು ಜುಲೈಯ ಮಳೆಯಲ್ಲಿ ಇಬ್ಬರು ವಿದ್ಯಾರ್ಥಿನಿಯರನ್ನು ಕರೆದುಕೊಂಡು, ದಾದರಿನಲ್ಲಿ ಗಾಡಿ ಬದಲಿಸಿ ನಿಮ್ಮ ಕಚೇರಿಗೆ ಬಂದೆ. ಮೂರು ಗಂಟೆಗೆ ಬರಹೇಳಿದ್ದ ನಿಮ್ಮ ಯೋಜನಾ ವ್ಯವಸ್ಥಾಪಕರು ನಾಲ್ಕೂ ಹತ್ತಕ್ಕೆ ದರ್ಶನವಿತ್ತರು. ಕೋಟೆ ಪ್ರದೇಶದ ಉಡುಪಿ ಹೋಟೆಲಿನಲ್ಲಿ ದುಡಿಯುವ ತಂದೆಯ ಬಗ್ಗೆ ನಮ್ಮ ವಿದ್ಯಾರ್ಥಿನಿ ಮಾಡಿದ ‘ಅಪ್ಪನ ಕ್ಯಾಂಟೀನು’ ಎಂಬ ಛಾಯಾಕಥನವನ್ನು ಗೋಡೆಯ ದೊಡ್ಡ ತೆರೆಯಲ್ಲಿ ತೆರೆದೆವು. ಅಪ್ಪ ಎರಡು ಬಿಡಿ ಪಕಾರಗಳಾಗಿ ಒಡೆದು ನಿಂತ. ವ್ಯವಸ್ಥಾಪಕರು ಅದನ್ನು ಕೆಲಹೊತ್ತು ನೋಡಿ, “ಇದು ತೆಲುಗು ಅಲ್ಲವೇ?” ಎಂದು ಹಿಂದಿಯಲ್ಲಿ ಕೇಳಿದರು. ಅಲ್ಲವೆಂದೆ. “ಫಾಂಟ್ ತೊಂದರೆ” ಎಂದರು. ಬರಹಗಳನ್ನು ಹಳೆಯ ನುಡಿ ಫಾಂಟಿನಲ್ಲಲ್ಲ, ಯೂನಿಕೋಡಿನಲ್ಲೇ ಕೊಟ್ಟಿದ್ದೇವೆ, ಅದೇ ನೋಟೋ ಫಾಂಟಿನಲ್ಲಿ ಕೆಳಗಿನ ಕಥಾಭಾಗ ಸರಿಯಾಗಿಯೇ ಕಾಣುತ್ತಿದೆ, ಕುಣಿಯುವ ಶೀರ್ಷಿಕೆ ಮಾತ್ರ ಮುರಿದಿದೆ, ಆದ್ದರಿಂದ ಅಕ್ಷರದ ಬದಲು ಇಡೀ ಪದವನ್ನು ಒಮ್ಮೆಗೇ ಮೂಡಿಸಿದರೆ ಸಾಕು ಎಂದು ವಿವರಿಸಿದೆ. ಅವರು ಕುರ್ಚಿಯನ್ನು ಹಿಂದಕ್ಕೆ ತಳ್ಳಿ ನಕ್ಕರು. “ಮೇಡಂ, ಲಿಪಿ ಬಹಳ ಜಟಿಲವಾಗಿದೆ, ಅದು ನಮ್ಮ ತಪ್ಪಲ್ಲ. ಕೆಳಗೆ ತೂಗಾಡುವ ಈ ಸಣ್ಣ ಅಕ್ಷರಗಳಿಲ್ಲದ ಪದಗಳನ್ನೇ ಬಳಸುವಂತೆ ಮಕ್ಕಳಿಗೆ ಹೇಳಿಬಿಡಿ” ಎಂದರು. ಕೋಣೆಯಲ್ಲಿದ್ದ ಇನ್ನಿಬ್ಬರೂ ನಕ್ಕರು. ನನ್ನ ಪಕ್ಕದ ಹುಡುಗಿ ತೆರೆಯ ಮೇಲಿನ ತನ್ನ ಅಪ್ಪನನ್ನು ಬಿಟ್ಟು ನೆಲ ನೋಡತೊಡಗಿದಳು.

ಕುಣಿಯಲಾರದವಳು ನೆಲ ಡೊಂಕೆಂದ ಗಾದೆಯನ್ನು ಇಪ್ಪತ್ತೆರಡು ವರ್ಷಗಳಿಂದ ತರಗತಿಯಲ್ಲಿ ವಿವರಿಸುತ್ತ ಬಂದವಳು ನಾನು. ಇಷ್ಟು ಒಳ್ಳೆಯ ಉದಾಹರಣೆ ಎಂದೂ ಸಿಕ್ಕಿರಲಿಲ್ಲ. ಆದರೂ ತಜ್ಞರ ಸಲಹೆಯೆಂದು ಮರಳಿ ಬರುವಾಗ ಗಾಡಿಯಲ್ಲಿ ಪ್ರಾಮಾಣಿಕವಾಗಿ ಪ್ರಯತ್ನಿಸಿದೆ. ಅಪ್ಪ, ಅಮ್ಮ, ಅಕ್ಕ, ಅಣ್ಣ, ತಮ್ಮ ಎಲ್ಲರನ್ನೂ ಮನೆಯಿಂದ ಹೊರಗೆ ಹಾಕಬೇಕಾಯಿತು, ತಂಗಿಯೊಬ್ಬಳು ಉಳಿದಳು. ಕೊನೆಗೆ ‘ಕನ್ನಡ’ ಎಂಬ ಪದಕ್ಕೂ ಪ್ರವೇಶವಿಲ್ಲವೆಂದು ತಿಳಿದಾಗ ಪ್ರಯತ್ನ ಕೈಬಿಟ್ಟೆ.

ಮರುದಿನ ನಿಮ್ಮಿಂದ ಬಂದ ಪರಿಹಾರವೆಂದರೆ, ಶೀರ್ಷಿಕೆಗಳನ್ನೆಲ್ಲ ಚಿತ್ರಗಳಾಗಿ ಅಂಟಿಸುವುದಕ್ಕೆ ಹೆಚ್ಚುವರಿ ₹18,000, ಅದರ ಮೇಲೆ ಶೇ. 18 ಜಿಎಸ್‌ಟಿ. ಚಿತ್ರವಾದ ಅಕ್ಷರವನ್ನು ಹುಡುಕಲಾಗದು, ಕಣ್ಣು ಕಾಣದ ಓದುಗರಿಗೆ ತೆರೆಯನ್ನು ಓದಿ ಹೇಳುವ ತಂತ್ರಾಂಶವೂ ಅದನ್ನು ಓದಲಾರದು. ನಿಮ್ಮ ತಪ್ಪನ್ನು ಮುಚ್ಚಲು ನಮ್ಮಿಂದಲೇ ಶುಲ್ಕ ಕೇಳುವ ಧೈರ್ಯವನ್ನು ಮಾತ್ರ ಮೆಚ್ಚಲೇಬೇಕು.

ಇನ್ನೊಂದು ಸಂಗತಿಯಲ್ಲಿ ವ್ಯಂಗ್ಯಕ್ಕೆ ಎಡೆಯಿಲ್ಲ. ಮೊಬೈಲಿನಲ್ಲಿ ಲೊಕೇಶನ್ ಚಾಲೂ ಇಟ್ಟು ತೆಗೆದ ಚಿತ್ರದ ಕಡತದೊಳಗೆ ಎಕ್ಸಿಫ್ ಎಂಬ, ಕಣ್ಣಿಗೆ ಕಾಣದ ಮಾಹಿತಿಯಾಗಿ ಅಕ್ಷಾಂಶ, ರೇಖಾಂಶಗಳು ಸೇರಿರುತ್ತವೆ. ಪ್ರಕಟಿಸುವ ಮೊದಲು ಅವನ್ನು ತೆಗೆದುಹಾಕುವುದು ಹನ್ನೆರಡನೆಯ ಕಲಮಿನ ಪ್ರಕಾರ ನಿಮ್ಮ ಹೊಣೆ. ಡೊಂಬಿವಲಿಯ ಹುಡುಗನೊಬ್ಬ ಅಜ್ಜಿಯ ಕಿಟಕಿಯನ್ನು ತೆಗೆದ ಚಿತ್ರವನ್ನು ನನ್ನ ಸಹೋದ್ಯೋಗಿ ತಾಣದಿಂದ ಇಳಿಸಿಕೊಂಡು ಪರೀಕ್ಷಿಸಿದಾಗ ನಕ್ಷೆಯಲ್ಲಿ ಅವನ ಮನೆಯ ಕಟ್ಟಡವೇ ಕಾಣಿಸಿತು. ನಮ್ಮ ವಿದ್ಯಾರ್ಥಿಗಳು ಹದಿನಾರು, ಹದಿನೇಳರ ವಯಸ್ಸಿನವರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನು ಮಕ್ಕಳೆಂದೇ ಪರಿಗಣಿಸುತ್ತದೆ. ಅಂದು ರಾತ್ರಿಯೇ ತಾಣವನ್ನು ಮುಚ್ಚಿಸಲು ನಾನು ಆರು ಬಾರಿ ಕರೆ ಮಾಡಿದೆ. ನಿಮ್ಮ ಸಹಾಯವಾಣಿ ಸಂಗೀತ ಕೇಳಿಸಿತು.

ಈ ಪತ್ರ ತಲುಪಿದ ಹತ್ತು ದಿನಗಳೊಳಗೆ ಎಲ್ಲ ಚಿತ್ರಗಳಿಂದ ಸ್ಥಳದ ಮಾಹಿತಿಯನ್ನು ಅಳಿಸಿ, ಶೀರ್ಷಿಕೆಗಳನ್ನೂ ಚೌಕಟ್ಟುಗಳನ್ನೂ ಶುಲ್ಕವಿಲ್ಲದೆ ಸರಿಪಡಿಸಬೇಕು. ಇಲ್ಲವಾದರೆ ₹98,000ವನ್ನು ಹಿಂದಿರುಗಿಸಬೇಕು. ಎರಡೂ ಆಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗದ ಮುಂದೆ ಭೇಟಿಯಾಗೋಣ. ಪೋಷಕರಲ್ಲೊಬ್ಬರು ವಕೀಲರು, ಅರ್ಜಿಯ ಕರಡು ನನ್ನ ಮೇಜಿನ ಮೇಲಿದೆ. ಅರ್ಜಿಯಲ್ಲಿ ಒತ್ತಕ್ಷರಗಳು ಧಾರಾಳವಾಗಿವೆ.

ಇದಲ್ಲದೆ, ಮುಂದಿನ ಮುದ್ರಿತ ಸಂಚಿಕೆಯ ಛಾಯಾಕಥನಕ್ಕೆ ವಿದ್ಯಾರ್ಥಿಗಳು ವಿಷಯ ಆರಿಸಿಯಾಗಿದೆ. ನಿಮ್ಮ ತಾಣದಲ್ಲಿ ಮುರಿದು ಬಿದ್ದ ಪದಗಳ ಇಪ್ಪತ್ತನಾಲ್ಕು ತೆರೆಚಿತ್ರಗಳನ್ನು ಅವರು ಜೋಪಾನವಾಗಿ ತೆಗೆದಿಟ್ಟಿದ್ದಾರೆ. ಮೊದಲ ಪುಟದ ಅಡಿಬರಹವನ್ನು ಅಂದು ನೆಲ ನೋಡುತ್ತಿದ್ದ ಹುಡುಗಿಯೇ ಬರೆಯುತ್ತಿದ್ದಾಳೆ.

ಇತಿ,
ಕನ್ನಡ ಉಪನ್ಯಾಸಕಿ ಹಾಗೂ ಪತ್ರಿಕೆಯ ಗೌರವ ಸಂಪಾದಕಿ,
ಮಾಟುಂಗ, ಮುಂಬಯಿ