ಟ್ಯಾಬ್-ಸ್ಪೇಸ್ ಜಗಳಕ್ಕೆ ಸದ್ಯ ವಿರಾಮ

ಎಲ್ಲರಿಗೂ ನಮಸ್ಕಾರ. ನಮ್ಮ ಪ್ರೋಗ್ರಾಮರ್‌ಗಳ ಗುಂಪಿನಲ್ಲಿ, ಕೋಡ್ ಸಾಲಿನ ಆರಂಭದಲ್ಲಿ ಜಾಗ ಬಿಡಲು ಟ್ಯಾಬ್ ಹಾಕಬೇಕಾ, ಸ್ಪೇಸ್ ಹಾಕಬೇಕಾ ಅಂತ ನಿನ್ನೆ ಶುರುವಾದ ವಾದದ ನಡುವೆ ಹೊಸಬರೊಬ್ಬರು ಇಂಟರ್‌ವ್ಯೂ ಬಗ್ಗೆ ಕೇಳಿದ ಪ್ರಶ್ನೆ ಯಾರ ಕಣ್ಣಿಗೂ ಬಿದ್ದಿಲ್ಲ. ದಯವಿಟ್ಟು ಮೇಲೆ ಹೋಗಿ ನೋಡಿ, ಗೊತ್ತಿದ್ದವರು ಉತ್ತರ ಕೊಡಿ.

ಇನ್ನು ಆ ವಾದ. ಪೈಥಾನ್ ಭಾಷೆಯ ಶೈಲಿ ಕೈಪಿಡಿ ಪೆಪ್ 8 ನಾಲ್ಕು ಸ್ಪೇಸ್ ಹಾಕಿ ಅನ್ನುತ್ತೆ. ಗೋ ಭಾಷೆಯ ಫಾರ್ಮ್ಯಾಟರ್ (ಕೋಡನ್ನು ಒಪ್ಪವಾಗಿ ಜೋಡಿಸುವ ಟೂಲ್) ತಾನಾಗಿಯೇ ಟ್ಯಾಬ್ ಹಾಕುತ್ತೆ. ಪ್ರೋಗ್ರಾಂ ಬಿಲ್ಡ್ ಮಾಡುವ ಸೂಚನೆಗಳಿರುವ ಮೇಕ್‌ಫೈಲ್‌ನಲ್ಲಂತೂ ಕಮಾಂಡ್ ಸಾಲಿಗೆ ಟ್ಯಾಬ್ ಬದಲು ಸ್ಪೇಸ್ ಇಟ್ಟರೆ ‘ಮಿಸ್ಸಿಂಗ್ ಸೆಪರೇಟರ್’ ಅಂತ ಮುಖಕ್ಕೆ ಹೊಡೆದಂತೆ ಹೇಳಿ ನಿಂತುಬಿಡುತ್ತೆ. ಅಂದರೆ ಭಾಷೆಗೊಂದು, ತಂಡಕ್ಕೊಂದು ಪದ್ಧತಿ. ರೆಪೊದಲ್ಲಿ (ತಂಡದ ಕೋಡ್ ಇಡುವ ಜಾಗದಲ್ಲಿ) ಈ ಪದ್ಧತಿಯನ್ನು ಎಡಿಟರ್‌ಗೆ ತಿಳಿಸುವ ಒಂದು ಎಡಿಟರ್‌ಕಾನ್ಫಿಗ್ ಫೈಲ್ ಇಟ್ಟರೆ ಮುಗಿಯುವ ವಿಷಯಕ್ಕೆ ಇಷ್ಟು ಮೆಸೇಜ್ ಬೇಕಿತ್ತಾ? (ವಿಮ್, ಈಮ್ಯಾಕ್ಸ್ ಎಡಿಟರ್‌ಗಳಲ್ಲಿ ಯಾವುದು ಮೇಲು ಅನ್ನೋ ಜಗಳವನ್ನು ಈಗ ಯಾರೂ ತೆಗೆಯಬೇಡಿ, ಕೈಮುಗಿಯುತ್ತೇನೆ.)

ಎಐ ಬರೆದ ಕೋಡ್ ಬಗ್ಗೆ ಧಾರಾಳವಾಗಿ ಚರ್ಚಿಸಿ. ಯಾವ ಟೂಲ್, ಯಾವ ಕೆಲಸಕ್ಕೆ ಕೊಟ್ಟಿರಿ, ರಿವ್ಯೂನಲ್ಲಿ ಏನು ಸಿಕ್ಕಿತು, ಇಷ್ಟು ಹೇಳಿದರೆ ಓದುವವರಿಗೂ ಉಪಯೋಗ. ‘ಇನ್ನು ನಮ್ಮ ಕೆಲಸ ಹೋದಂತೆಯೇ’ ಅನ್ನೋ ಫಾರ್ವರ್ಡ್‌ಗಳು ಮಾತ್ರ ಬೇಡ. ಕೆಲಸ ಕಳೆದುಕೊಂಡು ಹುಡುಕುತ್ತಿರುವವರೂ ಈ ಗುಂಪಿನಲ್ಲಿದ್ದಾರೆ.

ಕೊನೆಯದು, ತುರ್ತು: ಎರರ್ ತೋರಿಸಲು ಹಾಕುವ ಸ್ಕ್ರೀನ್‌ಶಾಟ್‌ನಲ್ಲಿ ಎಪಿಐ ಕೀ (ಸೇವೆಯೊಂದನ್ನು ಬಳಸಲು ಪ್ರೋಗ್ರಾಂಗೆ ಕೊಡುವ ಗುಟ್ಟಿನ ಸಂಕೇತ), ಪಾಸ್‌ವರ್ಡ್, ಗ್ರಾಹಕರ ಡೇಟಾ ಇದೆಯಾ ಅಂತ ನೋಡಿಕೊಂಡೇ ಕಳಿಸಿ. ಅಪ್ಪಿತಪ್ಪಿ ಹೋದರೆ ಮೆಸೇಜ್ ಡಿಲೀಟ್ ಮಾಡಿದರೆ ಸಾಲದು. ಆ ಕೀಯನ್ನೇ ರದ್ದು ಮಾಡಿ ಹೊಸದು ಮಾಡಿಕೊಳ್ಳಿ, ಕಂಪನಿಯದಾದರೆ ಸೆಕ್ಯುರಿಟಿ ತಂಡಕ್ಕೆ ಆಗಲೇ ತಿಳಿಸಿ.

– ಅಡ್ಮಿನ್