ಯಾವ ಇಸವಿ ಬರೆಯಲಿ, ಸರ್? ಶಾಲಾ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರಗಳು.

ನಾನು ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವವನು. ಬಾದಾಮಿ ಚಾಲುಕ್ಯರ ಪಾಠ ಮುಗಿದ ದಿನ ವಿದ್ಯಾರ್ಥಿನಿಯೊಬ್ಬಳು ಎರಡು ಪುಸ್ತಕ ಹಿಡಿದು ಶಿಕ್ಷಕರ ಕೊಠಡಿಗೆ ಬಂದಳು. ಇಮ್ಮಡಿ ಪುಲಿಕೇಶಿ ನರ್ಮದಾ ತೀರದಲ್ಲಿ ಹರ್ಷವರ್ಧನನನ್ನು ಸೋಲಿಸಿದ್ದು ಒಂದರಲ್ಲಿ ಕ್ರಿ.ಶ. 612, ಇನ್ನೊಂದರಲ್ಲಿ 634. ಎರಡಕ್ಕೂ ಪೆನ್ಸಿಲಿನಿಂದ ಸುತ್ತು ಹಾಕಿದ್ದಳು. "ಪರೀಕ್ಷೆಯಲ್ಲಿ ಯಾವ ಇಸವಿ ಬರೆಯಲಿ, ಸರ್?"

634 ಎಲ್ಲಿಂದ ಬಂತು? ಐಹೊಳೆಯ ಮೇಗುಟಿ ಬಸದಿಯ ಗೋಡೆಯಲ್ಲಿ ಪುಲಿಕೇಶಿಯ ಆಸ್ಥಾನಕವಿ ರವಿಕೀರ್ತಿಯ ಶಾಸನವಿದೆ. ಅದರಲ್ಲಿ ಕಾಣುವ ಶಕವರ್ಷ 556 ನಮ್ಮ ಲೆಕ್ಕಕ್ಕೆ 634-35. ಆದರೆ ಅದು ಬಸದಿ ಕಟ್ಟಿಸಿದ ಕಾಲ, ಯುದ್ಧ ನಡೆದ ಕಾಲವಲ್ಲ. ಹರ್ಷನ ಹರ್ಷವೇ ಭಯದಿಂದ ಕರಗಿಹೋಯಿತು ಎಂದು ಶ್ಲೇಷೆ ಕಟ್ಟಿದ ಕವಿ ಯುದ್ಧದ ತಿಥಿಯನ್ನು ಬರೆದಿಲ್ಲ. ಇತ್ತ 619ರ ಏಪ್ರಿಲ್ ತಿಂಗಳ ತಾಮ್ರಪಟವೊಂದು ಬೆಳಕಿಗೆ ಬಂದಿದೆ. ಹರ್ಷನ ಮೇಲಿನ ಗೆಲುವಿನ ಮಾತು ಅದರಲ್ಲಿ ಆಗಲೇ ಇದೆ. ಅದನ್ನು ಓದಿದ ಪುಣೆಯ ಭಂಡಾರ್ಕರ್ ಸಂಸ್ಥೆಯ ವಿದ್ವಾಂಸರು ಯುದ್ಧ ನಡೆದದ್ದು 618-19ರ ಚಳಿಗಾಲದಲ್ಲಿ ಎನ್ನುತ್ತಾರೆ. ಅಂದಮೇಲೆ 634 ನಿಲ್ಲುವುದಿಲ್ಲ, 612 ಕೂಡ ನಿಲ್ಲುವುದು ಕಷ್ಟ.

ಇದನ್ನೆಲ್ಲ ಅವಳಿಗೆ ಹೇಳಿದೆ. ಆಸ್ಥಾನಕವಿಯ ಹೊಗಳಿಕೆಯನ್ನು ನಂಬುವುದು ಹೇಗೆ ಎಂದು ಅವಳೇ ಕೇಳಿದಳು. ಹರ್ಷನ ಆದರ ಪಡೆದ ಚೀನೀ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ಕೂಡ ಈ ನಾಡಿನವರನ್ನು ಹರ್ಷ ಮಣಿಸಲಾಗಲಿಲ್ಲ ಎಂದು ಬರೆದಿದ್ದಾನೆ ಎಂದಾಗ ಅವಳ ಮುಖ ಅರಳಿತು. ಎದುರಾಳಿಯ ಕಡೆಯ ಸಾಕ್ಷಿಯ ತೂಕ ಅವಳಿಗೆ ತಾನಾಗಿಯೇ ಅರ್ಥವಾಯಿತು. ಪಾಠದಲ್ಲಿ ಇರಬೇಕಾದದ್ದು ಇದು. ಆದರೆ ಯಾವ ಇಸವಿಗೆ ಅಂಕ ಸಿಗುತ್ತದೆ ಎಂಬ ಅವಳ ಮೊದಲ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಕನ್ನಡದ ಮೊದಲ ಶಾಸನವೆಂದು ಕಲಿಸುವ ಹಲ್ಮಿಡಿಯ ಕಥೆಯೂ ಹೀಗೆಯೇ. ಆ ಕಲ್ಲಿನ ಮೇಲೆ ಇಸವಿಯೇ ಇಲ್ಲ. ಸುಮಾರು 450 ಎಂಬುದು ವಿದ್ವಾಂಸರು ಲಿಪಿಯನ್ನು ನೋಡಿ, ಅರಸರ ಹೆಸರುಗಳನ್ನು ಹೊಂದಿಸಿ ಮಾಡಿದ ಅಂದಾಜು. ತಾಳಗುಂದದ ಸಿಂಹಕಟಾಂಜನ (ಸಿಂಹ ಕೆತ್ತಿದ ಕಲ್ಲಿನ ಕಟಕಟೆ) ಶಾಸನ ಅದಕ್ಕಿಂತ ಹಳೆಯದು, 370ರ ಸುಮಾರಿನದು ಎಂಬ ವಾದ ಬಂದು ವರ್ಷಗಳಾದವು. ತರಗತಿಗೆ ತಲುಪುವಷ್ಟರಲ್ಲಿ 'ಸುಮಾರು' ಉದುರಿಹೋಗುತ್ತದೆ, ವಾದ ಮಾಯವಾಗುತ್ತದೆ, ಒಂದು ಅಂಕದ ಉತ್ತರ ಮಾತ್ರ ಉಳಿಯುತ್ತದೆ.

2022ರಲ್ಲಿ ಪಠ್ಯ ಬದಲಾಯಿತು. 2023ರಲ್ಲಿ ಸರ್ಕಾರ ಬದಲಾಗಿ ಪಠ್ಯ ಮತ್ತೆ ಬದಲಾಯಿತು. ಎರಡು ಸಲವೂ ಗದ್ದಲವೆದ್ದದ್ದು ಯಾರ ಪಾಠ ಇರಬೇಕು, ಯಾರದು ಬೇಡ ಎಂಬುದಕ್ಕೆ. ಪುಟದಲ್ಲಿರುವುದು ನಿಜವೇ ಎಂದು ಕೇಳುವ ದನಿ ಆ ಗದ್ದಲದಲ್ಲಿ ಅಡಗಿಹೋಯಿತು. ಇದು ನನಗೆ ತುಂಬ ನೋವಿನ ಸಂಗತಿ.

ನನ್ನ ಬೇಡಿಕೆ ದೊಡ್ಡದಲ್ಲ. ಪಾಠದ ಪ್ರತಿ ಮುಖ್ಯ ಇಸವಿಯ ಜೊತೆ ಅದಕ್ಕೆ ಆಧಾರವೇನು ಎಂದು ಒಂದು ಸಾಲು ಬರಲಿ. ಅಂದಾಜನ್ನು ಅಂದಾಜು ಎಂದೇ ಅಚ್ಚು ಮಾಡಿ. ತಪ್ಪು ಕಂಡವರು ಆಧಾರ ಸಮೇತ ಬರೆದರೆ ಶಾಸನತಜ್ಞರು ಅದನ್ನು ಪರಿಶೀಲಿಸಲಿ. ಒಪ್ಪಿದ ತಿದ್ದುಪಡಿ ಮರುಮುದ್ರಣಕ್ಕೆ ಕಾಯದೆ ಸುತ್ತೋಲೆಯಾಗಿ ಎಲ್ಲ ಶಾಲೆಗಳಿಗೂ ಬರಲಿ. ಉತ್ತರ ಪತ್ರಿಕೆ ತಿದ್ದುವವರಿಗೂ ಅದು ತಲುಪಲಿ.

ಆ ಹುಡುಗಿಗೆ ಮಾರ್ಚ್‌ನಲ್ಲಿ ಪರೀಕ್ಷೆ ಇದೆ. ಅಷ್ಟರೊಳಗೆ ನಿಮ್ಮ ಇಲಾಖೆಯಿಂದ ಉತ್ತರ ಬಂದರೆ ಅವಳ ಕೈಗೇ ಕೊಡುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಪ್ರೌಢಶಾಲಾ ಶಿಕ್ಷಕ